ಔಷಧ ದ್ರವ್ಯದ ಗುರುತು: ಕಣ್ಣಿನ ಸಾಕ್ಷ್ಯ, ಡಿಎನ್‌ಎ ಸಾಕ್ಷ್ಯ

ಬಸವನಗುಡಿಯ ಗಾಂಧಿ ಬಜಾರು, ಮಲ್ಲೇಶ್ವರದ ಮಾರುಕಟ್ಟೆಯ ಬೀದಿಗಳು, ಚಾಮರಾಜಪೇಟೆ ಮತ್ತು ಅದಕ್ಕೆ ತಾಗಿದ ಹಳೆಯ ಪೇಟೆ, ಇವೆಲ್ಲ ಬೆಂಗಳೂರು ಎಷ್ಟೇ ಬದಲಾದರೂ ಗ್ರಂಧಿಗೆ ಅಂಗಡಿಗಳನ್ನು ಉಳಿಸಿಕೊಂಡು ಬಂದಿರುವ ಪ್ರದೇಶಗಳು. ಬಾಣಂತಿಯ ಲೇಹ್ಯಕ್ಕೆ ಬೇಕಾದ ಸಾಮಾನು, ಮಗುವಿಗೆ ತೇಯುವ ಬಜೆ, ಕೆಮ್ಮಿನ ಕಷಾಯಕ್ಕೆ ಹಿಪ್ಪಲಿ ಮತ್ತು ಜ್ಯೇಷ್ಠಮಧು, ತ್ರಿಫಲೆಗೆ ಅಳಲೆಕಾಯಿ, ತಾರೆಕಾಯಿ, ಒಣ ನೆಲ್ಲಿಚೆಟ್ಟು ಎಲ್ಲವೂ ಅಲ್ಲಿ ದೊರೆಯುತ್ತವೆ. ವೈದ್ಯರು ಬರೆದುಕೊಟ್ಟ ಚೀಟಿಯನ್ನು ಮುಂದಿಟ್ಟರೆ ಅಂಗಡಿಯವರು ಒಂದೊಂದೇ ಡಬ್ಬಿಯಿಂದ ತೂಗಿ, ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಾರೆ. ಸುಮಾರು ನಾಲ್ಕು ದಶಕಗಳಿಂದ ಇಂತಹ ಚೀಟಿಗಳನ್ನು ಬರೆಯುತ್ತ ಬಂದಿರುವ ನಮಗೆ ಆ ಅಂಗಡಿಗಳ ಬಗ್ಗೆ ಗೌರವವಿದೆ. ಆದರೂ ಪ್ರತಿಯೊಬ್ಬ ಆಯುರ್ವೇದ ವೈದ್ಯನ ಮನಸ್ಸಿನಲ್ಲಿ ಒಂದು ಪ್ರಶ್ನೆ ಸದಾ ಇರುತ್ತದೆ: ಪೊಟ್ಟಣದಲ್ಲಿ ಇರುವುದು ಚೀಟಿಯಲ್ಲಿ ಬರೆದ ದ್ರವ್ಯವೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಹೊಸ ವಿಧಾನವೊಂದು ಕಳೆದ ಎರಡು ದಶಕಗಳಲ್ಲಿ ಬೆಳೆದು ಬಂದಿದೆ. ಒಣಗಿ, ಒಡೆದು, ಪುಡಿಯಾದ ಮೂಲಿಕೆಯೊಳಗೆ ಅಳಿದುಳಿದ ಡಿಎನ್‌ಎ ಚೂರುಗಳನ್ನು ಓದಿ ಅದು ಯಾವ ಸಸ್ಯವೆಂದು ನಿರ್ಣಯಿಸುವುದೇ ಆ ವಿಧಾನ. ನಮ್ಮ ಬೆಂಗಳೂರಿನ ವಿಜ್ಞಾನಿಗಳು ಈ ಕ್ಷೇತ್ರದಲ್ಲಿ ಗಣನೀಯ ಕೆಲಸ ಮಾಡಿದ್ದಾರೆ. ಅದರ ಸ್ವರೂಪ, ಪ್ರಯೋಜನ ಮತ್ತು ಮಿತಿ ಮೂರನ್ನೂ ಓದುಗರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಇದು ಪ್ರಯೋಗಶಾಲೆಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಮನೆಯಲ್ಲಿ ಕಷಾಯ ಕುದಿಸಿ ಕುಡಿಯುವ ಪ್ರತಿಯೊಬ್ಬರ ಆರೋಗ್ಯಕ್ಕೂ ಸಂಬಂಧಿಸಿದ್ದು.

ಹಸಿ ಗಿಡ, ಒಣ ಚಕ್ಕೆ

ಹಸಿಯಾಗಿ ನಿಂತಿರುವ ಗಿಡವನ್ನು ಗುರುತಿಸುವುದು ಬಲ್ಲವರಿಗೆ ಕಷ್ಟವಲ್ಲ. ಎಲೆಯ ಜೋಡಣೆ, ಹೂವಿನ ದಳ, ಕಾಯಿಯ ಆಕಾರ, ಕಾಂಡದ ವಾಸನೆ ಇವೆಲ್ಲ ಅದರ ವಿಳಾಸವನ್ನು ಹೇಳುತ್ತವೆ. ಔಷಧ ಸಸ್ಯಗಳ ಹೆಸರನ್ನೂ ರೂಪವನ್ನೂ ಕಾಡಿನಲ್ಲಿ ಬದುಕುವ ದನಗಾಹಿಗಳು, ಕುರುಬರು, ವನವಾಸಿಗಳಿಂದ ತಿಳಿಯಬೇಕೆಂದೂ, ಹೆಸರು ಮತ್ತು ರೂಪವನ್ನು ಬಲ್ಲ ಮಾತ್ರಕ್ಕೆ ಯಾರೂ ವೈದ್ಯರಾಗುವುದಿಲ್ಲ, ಅದರ ಪ್ರಯೋಗವನ್ನೂ ಅರಿತಿರಬೇಕೆಂದೂ ಚರಕಸಂಹಿತೆ ತಿಳಿಸುತ್ತದೆ. ಅಂದಿನ ವೈದ್ಯನು ಬಹುಮಟ್ಟಿಗೆ ತನ್ನ ದ್ರವ್ಯವನ್ನು ತಾನೇ ಕಂಡು ತಂದುಕೊಳ್ಳುತ್ತಿದ್ದನು. ಇಂದು ಸಂಗ್ರಹಿಸುವವರು ಬೇರೆ, ಸಾಗಿಸುವವರು ಬೇರೆ, ಸಗಟು ಮಾರುವವರು ಬೇರೆ, ಚಿಲ್ಲರೆ ಅಂಗಡಿಯವರು ಬೇರೆ, ಬರೆದುಕೊಡುವ ವೈದ್ಯರು ಬೇರೆ. ಪಶ್ಚಿಮಘಟ್ಟದ ಒಂದು ಮರದ ತೊಗಟೆಯು ಬೆಂಗಳೂರಿನ ಅಂಗಡಿಯನ್ನು ಸೇರುವ ಹೊತ್ತಿಗೆ ಅದರ ಎಲೆ, ಹೂ, ಕಾಯಿಗಳ ಗುರುತೆಲ್ಲ ಹಿಂದೆಯೇ ಉಳಿದಿರುತ್ತದೆ.

ಒಣಗಿದ ತೊಗಟೆ ಅಥವಾ ಬೇರನ್ನು ಬಣ್ಣ, ರುಚಿ, ವಾಸನೆ, ಮುರಿದಾಗ ಕಾಣುವ ಎಳೆ ಇವುಗಳಿಂದ ಪರೀಕ್ಷಿಸುವ ದ್ರವ್ಯಗುಣ ವಿಜ್ಞಾನ ನಮ್ಮಲ್ಲಿದೆ. ಸೂಕ್ಷ್ಮದರ್ಶಕದಿಂದ ಅದರ ಒಳರಚನೆಯನ್ನು ನೋಡುವ ಕ್ರಮವೂ ಇದೆ. ಆದರೆ ದ್ರವ್ಯವು ನುಣ್ಣನೆಯ ಚೂರ್ಣವಾದ ಮೇಲೆ, ಅದರಲ್ಲಿಯೂ ಹತ್ತಾರು ದ್ರವ್ಯಗಳು ಬೆರೆತ ಮೇಲೆ, ಅನುಭವಿಯ ಕಣ್ಣೂ ಸೋಲುತ್ತದೆ. ಅಲ್ಲಿಂದ ಮುಂದೆ ಡಿಎನ್‌ಎ ಸಾಕ್ಷ್ಯದ ಕೆಲಸ ಆರಂಭವಾಗುತ್ತದೆ.

ಡಿಎನ್‌ಎ ಏಕೆ ಒಡೆಯುತ್ತದೆ

ಪ್ರತಿಯೊಂದು ಜೀವಕೋಶದೊಳಗೂ ಆ ಜೀವಿಯ ರಚನೆಯ ಲಿಪಿಯಂತೆ ಡಿಎನ್‌ಎ ಇರುತ್ತದೆ. ಈ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು. ಅವುಗಳನ್ನು ಎ, ಟಿ, ಜಿ, ಸಿ ಎಂದು ಸೂಚಿಸುತ್ತಾರೆ. ಮನುಷ್ಯನಲ್ಲಿ ಇಂತಹ ಸುಮಾರು 300 ಕೋಟಿ ಅಕ್ಷರಗಳ ಸಾಲಿದೆ. ಸಸ್ಯಗಳಲ್ಲಿ ಕೋಶಕೇಂದ್ರದ ಲಿಪಿಯಲ್ಲದೆ, ಎಲೆಗೆ ಹಸಿರು ಬಣ್ಣ ಕೊಡುವ ಹರಿತ್ತಿನ ಕಣಗಳಲ್ಲಿಯೂ ಪ್ರತ್ಯೇಕವಾಗಿ ಸುಮಾರು ಒಂದೂವರೆ ಲಕ್ಷ ಅಕ್ಷರಗಳ ಪುಟ್ಟ ಲಿಪಿಯೊಂದಿರುತ್ತದೆ.

ಜೀವವಿರುವವರೆಗೆ ಈ ಲಿಪಿಗೆ ಏನಾದರೂ ಗಾಯವಾದರೆ ಕೋಶವೇ ಅದನ್ನು ದುರಸ್ತಿ ಮಾಡಿಕೊಳ್ಳುತ್ತದೆ. ಗಿಡವನ್ನು ಕಿತ್ತೊಡನೆ ದುರಸ್ತಿ ನಿಲ್ಲುತ್ತದೆ, ಸವೆತ ಮಾತ್ರ ಮುಂದುವರಿಯುತ್ತದೆ. ಕೋಶದೊಳಗಿನ ಕಿಣ್ವಗಳೇ ಡಿಎನ್‌ಎಯನ್ನು ಕತ್ತರಿಸಲು ತೊಡಗುತ್ತವೆ. ತೇವಾಂಶವು ಅಕ್ಷರಗಳನ್ನು ಬುಡದಿಂದ ಕಳಚುತ್ತದೆ. ಬಿಸಿಲು, ಶಾಖ, ಗಾಳಿಯ ಆಮ್ಲಜನಕ, ಬೂಷ್ಟು, ಬ್ಯಾಕ್ಟೀರಿಯ ಎಲ್ಲವೂ ಸೇರಿ ಉದ್ದನೆಯ ಸಾಲನ್ನು ಚೂರುಚೂರು ಮಾಡುತ್ತವೆ. ಹಸಿ ಎಲೆಯಿಂದ ಸಾವಿರಾರು ಅಕ್ಷರಗಳ ಅಖಂಡ ಎಳೆ ದೊರೆಯುವಲ್ಲಿ, ವರ್ಷಗಟ್ಟಲೆ ಗೋಣಿಚೀಲದಲ್ಲಿದ್ದ ಬೇರಿನಿಂದ ನೂರಿನ್ನೂರು ಅಕ್ಷರಗಳ ತುಂಡು ದೊರೆತರೆ ಅದೇ ಭಾಗ್ಯ. ಎಲೆ, ಹೂಗಳನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಬೇಕೆಂದು ನಮ್ಮ ಹಿರಿಯರು ಹೇಳಿದ್ದು ಗುಣ ಉಳಿಯಲೆಂದು. ಬಿಸಿಲು ಮತ್ತು ಶಾಖದಿಂದ ಪಾರಾದ ಅಂತಹ ದ್ರವ್ಯದಲ್ಲಿ ಡಿಎನ್‌ಎ ಕೂಡ ಹೆಚ್ಚು ಉಳಿಯುತ್ತದೆ.

ಇನ್ನೊಂದು ತೊಡಕೂ ಇದೆ. ನಾವು ಔಷಧವೆಂದು ಬಯಸುವ ಕಹಿ, ಒಗರು, ಅಂಟು ಪದಾರ್ಥಗಳು ಡಿಎನ್‌ಎಗೆ ಅಂಟಿಕೊಂಡು ಪರೀಕ್ಷೆಯ ರಾಸಾಯನಿಕ ಕ್ರಿಯೆಯನ್ನು ತಡೆಯುತ್ತವೆ. ಅಳಲೆಕಾಯಿಯಂತಹ ಒಗರು ದ್ರವ್ಯದಿಂದಾಗಲಿ, ಲೋಳೆ ತುಂಬಿದ ಬೇರಿನಿಂದಾಗಲಿ ಶುದ್ಧ ಡಿಎನ್‌ಎ ತೆಗೆಯುವುದು ಶ್ರಮದ ಕೆಲಸ.

ಚೂರುಗಳನ್ನು ಓದುವ ಬಗೆ

ಇಡೀ ಲಿಪಿಯನ್ನು ಓದದೆಯೇ ಸಸ್ಯವನ್ನು ಗುರುತಿಸಬಹುದೇ? ಪ್ರತಿ ಜೀವಜಾತಿಯಲ್ಲಿಯೂ ಬೇರೆ ಬೇರೆಯಾಗಿರುವ ಒಂದು ಚಿಕ್ಕ ಭಾಗವನ್ನು ಓದಿದರೆ ಸಾಕು, ಅಂಗಡಿಯ ಸಾಮಾನಿನ ಮೇಲಿನ ಪಟ್ಟಿಗೆರೆಯಂತೆ ಅದು ಗುರುತು ಹೇಳಬಲ್ಲುದು ಎಂದು ಕೆನಡದ ಗೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರತಿಪಾದಿಸಿದರು. ಇದಕ್ಕೆ ಡಿಎನ್‌ಎ ಬಾರ್‌ಕೋಡ್ ಎಂದು ಹೆಸರಾಯಿತು. ಸಸ್ಯಗಳಿಗಾಗಿ ಹರಿತ್ತಿನ ಕಣದ ಎರಡು ಭಾಗಗಳನ್ನು 2009ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಆರಿಸಿತು. ಒಂದು ಕೋಶದಲ್ಲಿ ಹರಿತ್ತಿನ ಲಿಪಿಯ ಪ್ರತಿಗಳು ಅನೇಕ ಇರುವುದರಿಂದ, ಬಹುಪಾಲು ನಾಶವಾದರೂ ಕೆಲವಾದರೂ ಓದಲು ಸಿಗುತ್ತವೆ.

ಆದರೆ ಆರಿಸಿದ ಭಾಗಗಳು ಐನೂರು, ಎಂಟುನೂರು ಅಕ್ಷರಗಳಷ್ಟು ಉದ್ದ. ಚೂರುಗಳು ಅದಕ್ಕಿಂತ ಚಿಕ್ಕವಾದರೆ ಏನು ಮಾಡುವುದು? ಅದಕ್ಕೆ ವಿಜ್ಞಾನಿಗಳು ಎರಡು ದಾರಿ ಕಂಡುಕೊಂಡರು. ಮೊದಲನೆಯದು, ನೂರಿನ್ನೂರು ಅಕ್ಷರಗಳೊಳಗೆ ಅಡಗುವ ಇನ್ನೂ ಚಿಕ್ಕ ಗುರುತುಗಳನ್ನು ಆರಿಸುವುದು. ಇವುಗಳನ್ನು ಕಿರು ಬಾರ್‌ಕೋಡ್ ಎನ್ನಬಹುದು. ಎರಡನೆಯದು, ಒಂದೇ ಬಾರಿಗೆ ಲಕ್ಷಾಂತರ ಚೂರುಗಳನ್ನು ಬಿಡಿಬಿಡಿಯಾಗಿ ಓದಬಲ್ಲ ಹೊಸ ಯಂತ್ರಗಳ ಬಳಕೆ. ಪ್ರತಿ ಚೂರಿನ ಎರಡು ತುದಿಗೂ ಪರಿಚಿತವಾದ ಪುಟ್ಟ ತುಂಡನ್ನು ಬೆಸೆದು, ಅದನ್ನು ಹಿಡಿಯಾಗಿಸಿಕೊಂಡು ಯಂತ್ರವು ನಡುವಿನ ಅಪರಿಚಿತ ಭಾಗವನ್ನು ಓದುತ್ತದೆ. ಅನೇಕ ದ್ರವ್ಯಗಳು ಬೆರೆತ ಚೂರ್ಣದಲ್ಲಿ ಯಾವ ಯಾವ ಸಸ್ಯಗಳಿವೆ ಎಂಬುದನ್ನು ಬೇರ್ಪಡಿಸಿ ಹೇಳಲು ಈ ಎರಡನೆಯ ದಾರಿಯೇ ಸೂಕ್ತ.

ಗೆದ್ದಲು ತಿಂದ ಓಲೆಗರಿಗಳನ್ನು ಸಂಪಾದಿಸುವ ವಿದ್ವಾಂಸರ ಕೆಲಸವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಪ್ರತಿಯಲ್ಲಿ ಪಂಕ್ತಿಯ ಆರಂಭ ಹೋಗಿರುತ್ತದೆ, ಇನ್ನೊಂದರಲ್ಲಿ ಅಂತ್ಯ. ಹಲವು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಮೇಲೊಂದು ಕೂಡುವ ಭಾಗಗಳನ್ನು ಹೊಂದಿಸಿ ಪೂರ್ಣ ಪಾಠವನ್ನು ನಿರ್ಣಯಿಸುತ್ತಾರೆ. ಲಿಪಿಕಾರನ ಕೈತಪ್ಪನ್ನೂ ಹೀಗೆಯೇ ಪತ್ತೆ ಮಾಡುತ್ತಾರೆ. ಹಳೆಯ ಡಿಎನ್‌ಎಯಲ್ಲಿಯೂ ಕೈತಪ್ಪುಗಳಿವೆ. ಕಾಲಕ್ರಮದಲ್ಲಿ ‘ಸಿ’ ಎಂಬ ಅಕ್ಷರವು ರಾಸಾಯನಿಕವಾಗಿ ಮಾರ್ಪಟ್ಟು ಯಂತ್ರಕ್ಕೆ ‘ಟಿ’ ಎಂದು ಕಾಣುತ್ತದೆ. ಇದು ಚೂರಿನ ತುದಿಗಳಲ್ಲಿ ಹೆಚ್ಚು. ಒಂದೇ ಸ್ಥಳವನ್ನು ಅನೇಕ ಚೂರುಗಳಲ್ಲಿ ಓದಿ ಹೋಲಿಸಿದಾಗ ತಪ್ಪು ಓದು ಹೊರಬೀಳುತ್ತದೆ.

ಈ ವಿದ್ಯೆಯನ್ನು ಅತ್ಯಂತ ದೂರಕ್ಕೆ ಕೊಂಡೊಯ್ದವರು ಸ್ವಾಂಟೆ ಪಾಬೊ. ಹತ್ತಾರು ಸಾವಿರ ವರ್ಷಗಳ ಹಿಂದಿನ ಮೂಳೆಗಳಿಂದ ನಿಯಾಂಡರ್ತಾಲ್ ಮಾನವನ ಡಿಎನ್‌ಎ ಚೂರುಗಳನ್ನು ಓದಿ 2010ರಲ್ಲಿ ಅವರ ತಂಡವು ಅದರ ಕರಡು ಪಾಠವನ್ನು ಪ್ರಕಟಿಸಿತು. 2022ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಗರ್ಭಿಣಿಯ ರಕ್ತದಲ್ಲಿ ತೇಲುವ ಶಿಶುವಿನ ಡಿಎನ್‌ಎ ತುಂಡುಗಳಿಂದ ಕೆಲವು ದೋಷಗಳನ್ನು ಶೋಧಿಸುವ ಪರೀಕ್ಷೆಯೂ, ಮೇಣದಲ್ಲಿಟ್ಟ ಅರ್ಬುದದ ಗಡ್ಡೆಯ ಮಾದರಿಯನ್ನು ವರ್ಷಗಳ ನಂತರ ಓದುವ ಪರೀಕ್ಷೆಯೂ ಒಡೆದ ಡಿಎನ್‌ಎಯನ್ನೇ ನೆಚ್ಚಿಕೊಂಡಿವೆ. ಅದೇ ವಿದ್ಯೆ ಮೂಲಿಕೆಗಳಿಗೂ ಬಂದಿದೆ. ಆಸ್ಟ್ರೇಲಿಯದ ಪರ್ತ್ ನಗರದ ಮರ್ಡಾಕ್ ವಿಶ್ವವಿದ್ಯಾಲಯದ ತಂಡವು, ಗಡಿಯಲ್ಲಿ ಮುಟ್ಟುಗೋಲು ಹಾಕಿಕೊಂಡ 15 ಚೀನೀ ಸಾಂಪ್ರದಾಯಿಕ ಔಷಧಗಳನ್ನು ಹೀಗೆ ಓದಿ 2012ರಲ್ಲಿ ವರದಿ ಪ್ರಕಟಿಸಿತು. ಪುಡಿ, ಗುಳಿಗೆಗಳೊಳಗೆ ಹಾನಿಕರ ಸಸ್ಯಗಳಿಗೆ ಸೇರಿದ ಡಿಎನ್‌ಎಯೂ, ಅಪಾಯದಲ್ಲಿರುವ ಕಪ್ಪು ಕರಡಿ ಮತ್ತು ಸೈಗಾ ಜಿಂಕೆಯ ಡಿಎನ್‌ಎಯೂ ಕಂಡುಬಂದವು.

ನೆಲನೆಲ್ಲಿ ಹೇಳಿದ ಪಾಠ

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಏಟ್ರೀ ಸಂಸ್ಥೆಯ ವಿಜ್ಞಾನಿಗಳು ದಕ್ಷಿಣ ಭಾರತದ ಮೂಲಿಕೆ ಮಾರುಕಟ್ಟೆಯನ್ನು ಕ್ರಮಬದ್ಧವಾಗಿ ಪರೀಕ್ಷಿಸಿದವರಲ್ಲಿ ಮೊದಲಿಗರು. ಆರ್. ಉಮಾಶಂಕರ್, ಜಿ. ರವಿಕಾಂತ್, ಹಾಗೂ ಕಾದಂಬರಿಕಾರರಾಗಿ ಕನ್ನಡ ಓದುಗರಿಗೆ ಸುಪರಿಚಿತರಾದ ಕೆ. ಎನ್. ಗಣೇಶಯ್ಯ ಮುಂತಾದವರು ಈ ಕಾರ್ಯದಲ್ಲಿ ತೊಡಗಿದವರು.

ಕಾಮಾಲೆ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ನೆಲನೆಲ್ಲಿ. ಶಾಸ್ತ್ರದಲ್ಲಿ ಇದು ಭೂಮ್ಯಾಮಲಕಿ. 2010ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಈ ತಂಡದವರು ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣ ನೆಲನೆಲ್ಲಿಯನ್ನು ಕೊಂಡು ತಂದರು. ಮೊದಲು ಸಸ್ಯಲಕ್ಷಣಗಳಿಂದ ವಿಂಗಡಿಸಿ, ಬಳಿಕ ಹರಿತ್ತಿನ ಕಣದ ಒಂದು ಭಾಗದ ಡಿಎನ್‌ಎಯಿಂದ ಅದನ್ನು ದೃಢಪಡಿಸಿಕೊಂಡರು. 76% ಮಾದರಿಗಳಲ್ಲಿ ಫಿಲ್ಯಾಂತಸ್ ಅಮರಸ್ ಎಂಬ ಸರಿಯಾದ ಜಾತಿಯೇ ಪ್ರಧಾನವಾಗಿತ್ತು. ಉಳಿದ 24% ಮಾದರಿಗಳಲ್ಲಿ ಅದರ ಐದು ಸೋದರ ಜಾತಿಗಳು ಕಂಡುಬಂದವು.

ಈ ಅಂಕಿಯನ್ನು ಅಂಗಡಿಯವರ ಮೋಸವೆಂದು ಓದಬಾರದು. ಈ ಜಾತಿಗಳೆಲ್ಲ ಒಂದೇ ಹೊಲದ ಬದುವಿನಲ್ಲಿ, ಒಂದೇ ಮಳೆಗೆ ಹುಟ್ಟುವ ಗಿಡಗಳು. ಎಲ್ಲವೂ ಗೇಣೆತ್ತರ, ಎಲ್ಲದರ ಎಲೆಯ ಕೆಳಗೂ ಪುಟ್ಟ ನೆಲ್ಲಿಯಂತಹ ಕಾಯಿ. ಕೂಲಿಗಾಗಿ ಕೀಳುವವರು ಸೊಂಟ ಬಗ್ಗಿಸಿ ಕಿತ್ತುಕೊಂಡು ಹೋಗುತ್ತಾರೆ. ಕಾಯಿತೊಟ್ಟಿನ ಉದ್ದವನ್ನು ಅಳೆಯುವ ವ್ಯವಧಾನ ಅವರಿಗಿಲ್ಲ, ಅದನ್ನು ಅವರಿಗೆ ಕಲಿಸಿದವರೂ ಇಲ್ಲ. ಇದು ಅರಿವಿನ ಕೊರತೆಯಿಂದಾದ ಬೆರಕೆ. ಇದಕ್ಕೆ ಪರಿಹಾರ ಶಿಕ್ಷಣ. ಸಂಗ್ರಹಕಾರರಿಗೆ ಗಿಡಗಳ ಭೇದವನ್ನು ತೋರಿಸಿಕೊಡುವುದು, ಸರಿಯಾದುದನ್ನು ತಂದವರಿಗೆ ಸರಿಯಾದ ಬೆಲೆ ಕೊಡುವುದು.

ಅಶೋಕ ಹೇಳಿದ ಪಾಠ

ಅಶೋಕದ ಕಥೆ ಇದಕ್ಕಿಂತ ಗಂಭೀರವಾದುದು. ಸ್ತ್ರೀಯರ ಅತಿರಕ್ತಸ್ರಾವ, ಬಿಳಿಸೆರಗು ಮುಂತಾದ ತೊಂದರೆಗಳಲ್ಲಿ ಅಶೋಕದ ತೊಗಟೆಯನ್ನೂ ಅಶೋಕಾರಿಷ್ಟವನ್ನೂ ನಾವು ಬಳಸುತ್ತೇವೆ. 2016ರಲ್ಲಿ ಬೆಂಗಳೂರಿನ ಇದೇ ಸಂಶೋಧಕ ಬಳಗ ಮತ್ತು ಸಹಯೋಗಿಗಳು, ಡಿಎನ್‌ಎ ಬಾರ್‌ಕೋಡ್ ಜೊತೆಗೆ ಎನ್‌ಎಂಆರ್ ಎಂಬ ರಾಸಾಯನಿಕ ವಿಶ್ಲೇಷಣೆಯನ್ನೂ ಬಳಸಿ, ಮಾರುಕಟ್ಟೆಯ ಅಶೋಕದ ಮಾದರಿಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. 80%ಕ್ಕಿಂತ ಹೆಚ್ಚು ಮಾದರಿಗಳು ಅಶೋಕವೇ ಆಗಿರಲಿಲ್ಲ. ಅವು ಕನಿಷ್ಠ ಏಳು ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸೇರಿದ್ದವು.

ಇಲ್ಲಿ ಸೋದರ ಜಾತಿಗಳ ಗೊಂದಲವಿಲ್ಲ. ಸಂಬಂಧವೇ ಇಲ್ಲದ ಮರಗಳ ಚಕ್ಕೆಗಳು ಅಶೋಕದ ಹೆಸರಿನಲ್ಲಿ ಹೋಗುತ್ತಿವೆ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಿಜವಾದ ಅಶೋಕ, ಅಂದರೆ ಸರಾಕಾ ಅಸೋಕ, ಪಶ್ಚಿಮಘಟ್ಟದ ತೊರೆಗಳ ತಂಪಿನಲ್ಲಿ ನಿಧಾನವಾಗಿ ಬೆಳೆಯುವ ಮರ. ತೊಗಟೆಯನ್ನು ಸುತ್ತಲೂ ಸುಲಿದರೆ ಮರವೇ ಸಾಯುತ್ತದೆ. ಅಂತಾರಾಷ್ಟ್ರೀಯ ಸಂರಕ್ಷಣಾ ಪಟ್ಟಿಯಲ್ಲಿ ಇದನ್ನು ಅಪಾಯಕ್ಕೆ ಈಡಾಗಬಹುದಾದ ಜಾತಿಯೆಂದು ಸೇರಿಸಿದ್ದಾರೆ. ಬೇಡಿಕೆ ಬೆಟ್ಟದಷ್ಟು, ಮರಗಳು ಬೆರಳೆಣಿಕೆ. ಹೀಗಿರುವಾಗ ಜಾಗ ತುಂಬಲು ಬೇರೆಯದು ಬಂದೇ ಬರುತ್ತದೆ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆದು, ಅಲೆಯಲೆಯಾದ ಉದ್ದನೆಯ ಎಲೆಗಳನ್ನು ಇಳಿಬಿಟ್ಟಿರುವ ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆ ಮರ. ಅದರ ತೊಗಟೆಯು ಅಶೋಕಕ್ಕೆ ಬದಲಾಗಿ ಬರುವುದು ಬಹುಕಾಲದಿಂದ ತಿಳಿದ ಸಂಗತಿ. ನಿಜವಾದ ಅಶೋಕವನ್ನು ನೋಡಬಯಸುವವರು ಲಾಲ್‌ಬಾಗಿಗೆ ಹೋಗಿ, ಕಿತ್ತಳೆ ಕೆಂಪಿನ ಹೂಗೊಂಚಲುಗಳು ಕೊಂಬೆಗೇ ಅಂಟಿದಂತೆ ಅರಳಿರುವುದನ್ನು ಕಾಣಬಹುದು. ಒಮ್ಮೆ ಕಂಡವರು ಮತ್ತೆ ಎರಡನ್ನೂ ಒಂದೆನ್ನಲಾರರು.

ಆದುದರಿಂದ ಎರಡು ಅಂಕಿಗಳು ಎರಡು ಬೇರೆ ರೋಗಗಳ ಲಕ್ಷಣಗಳು. ನೆಲನೆಲ್ಲಿಯ 24% ಅರಿವಿನ ಕೊರತೆಯಿಂದ ಬಂದುದು. ಅಶೋಕದ 80% ಮರದ ಕೊರತೆಯಿಂದ ಬಂದುದು. ಎರಡನೆಯದಕ್ಕೆ ಎಷ್ಟು ಡಿಎನ್‌ಎ ಪರೀಕ್ಷೆ ಮಾಡಿದರೂ, ಎಷ್ಟು ಅಂಗಡಿಗಳಿಗೆ ದಂಡ ಹಾಕಿದರೂ, ಅಶೋಕವನ್ನು ಬೆಳೆಸದೆ ಪರಿಹಾರವಿಲ್ಲ. ರೋಗಕ್ಕೆ ನಿದಾನವನ್ನು ಅರಿತು ಚಿಕಿತ್ಸೆ ಮಾಡುವಂತೆ ಇಲ್ಲಿಯೂ ನಿದಾನವನ್ನು ಮೊದಲು ಅರಿಯಬೇಕು.

ಹೆಸರಿನ ಗೊಂದಲ ಪ್ರಾಣಕ್ಕೆ ಬಂದಾಗ

ಬೆರಕೆಯೆಲ್ಲ ಬೆರಕೆಯಲ್ಲ ಎಂಬುದನ್ನೂ ಹೇಳಬೇಕು. ಒಂದೇ ಸಂಸ್ಕೃತ ನಾಮದಡಿ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಗಿಡಗಳನ್ನು ಬಳಸುವ ಪದ್ಧತಿ ಉಂಟು. ಅವನ್ನು ಸಂದಿಗ್ಧ ದ್ರವ್ಯಗಳೆನ್ನುತ್ತೇವೆ. ರಾಸ್ನೆ ಎಂದರೆ ಉತ್ತರದಲ್ಲಿ ಒಂದು ಗಿಡ, ದಕ್ಷಿಣದಲ್ಲಿ ದುಂಪರಾಸ್ಮೆ. ಬ್ರಾಹ್ಮಿ ಎಂದು ಕೇಳಿದರೆ ನಮ್ಮ ಕಡೆ ಹಲವರು ಒಂದೆಲಗವನ್ನು ತೋರುತ್ತಾರೆ. ಶಾಸ್ತ್ರಜ್ಞರು ನೀರುಬ್ರಾಹ್ಮಿಯನ್ನು ಹೇಳುತ್ತಾರೆ. ದೊರೆಯದ ದ್ರವ್ಯಕ್ಕೆ ಸಮಾನ ಗುಣದ ಪ್ರತಿನಿಧಿ ದ್ರವ್ಯವನ್ನು ಗ್ರಂಥಗಳೇ ಸೂಚಿಸಿವೆ. ಯಂತ್ರಕ್ಕೆ ಈ ಸಂಪ್ರದಾಯ ತಿಳಿಯದು. ಅದು ಗಿಡದ ಜಾತಿಯನ್ನು ಹೇಳುತ್ತದೆಯೇ ಹೊರತು ಅದು ಒಪ್ಪಿತ ಪ್ರತಿನಿಧಿಯೋ ಅಪಾಯಕಾರಿ ಬೆರಕೆಯೋ ಎಂಬುದನ್ನು ವೈದ್ಯನೇ ನಿರ್ಣಯಿಸಬೇಕು.

ಈ ನಿರ್ಣಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂ ದೇಶದ ದುರಂತ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸಲೆಂದು ಚೀನೀ ಮೂಲಿಕೆಗಳಿದ್ದ ಗುಳಿಗೆಗಳನ್ನು ಸೇವಿಸಿದ ಸ್ತ್ರೀಯರಲ್ಲಿ ಮೂತ್ರಪಿಂಡಗಳು ವೇಗವಾಗಿ ಕೆಟ್ಟವು. ಇಂತಹವರ ಸಂಖ್ಯೆ ನೂರನ್ನು ದಾಟಿತು. ಕೆಲವರಿಗೆ ಮುಂದೆ ಮೂತ್ರಮಾರ್ಗದ ಅರ್ಬುದವೂ ಬಂದಿತು. ಫಾಂಗ್‌ಜಿ ಎಂಬ ಹೆಸರು ಚೀನದಲ್ಲಿ ಒಂದಕ್ಕಿಂತ ಹೆಚ್ಚು ಗಿಡಗಳಿಗಿದೆ. ಬೇಕಾಗಿದ್ದ ಗಿಡದ ಬದಲು ಅರಿಸ್ಟೊಲೋಕಿಯ ಕುಲದ ಗಿಡ ಆ ಗುಳಿಗೆಯನ್ನು ಸೇರಿತ್ತು. ನಮ್ಮ ಈಶ್ವರಬಳ್ಳಿಯೂ ಇದೇ ಕುಲಕ್ಕೆ ಸೇರಿದ್ದು. ಈ ಕುಲದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮನುಷ್ಯರಲ್ಲಿ ಅರ್ಬುದಕಾರಕವೆಂದು ಇಂದು ನಿಸ್ಸಂಶಯವಾಗಿ ತಿಳಿದಿದೆ. ಆದುದರಿಂದ ಹಾವಿನ ಮದ್ದು, ಜ್ವರದ ಮದ್ದು ಎಂದು ಯಾರಾದರೂ ಈಶ್ವರಿ ಬೇರನ್ನು ಹೊಟ್ಟೆಗೆ ಕೊಟ್ಟರೆ ಸ್ವೀಕರಿಸಬೇಡಿರೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಹಾವು ಕಚ್ಚಿದಾಗ ಆಸ್ಪತ್ರೆಯ ಪ್ರತಿವಿಷವೇ ಮದ್ದು.

ಅಮೃತಬಳ್ಳಿಯ ಚರ್ಚೆ ಇನ್ನೂ ಇತ್ತೀಚಿನದು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಇದರ ಕಷಾಯ ನಡೆಯಿತು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞರು ಕೆಲವು ರೋಗಿಗಳಲ್ಲಿ ಇದರ ಸೇವನೆಯ ನಂತರ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಅವರು ಸೇವಿಸಿದ್ದು ನಿಜವಾದ ಅಮೃತಬಳ್ಳಿಯೇ, ಅದನ್ನು ಹೋಲುವ ಟಿನೋಸ್ಪೊರ ಕ್ರಿಸ್ಪ ಎಂಬ ಬಳ್ಳಿಯೇ ಎಂಬ ವಾದ ಎದ್ದಿತು. 2022ರ ಫೆಬ್ರುವರಿಯಲ್ಲಿ ಆಯುಷ್ ಸಚಿವಾಲಯವು ಎರಡರ ಭೇದವನ್ನು ವಿವರಿಸುವ ಸೂಚನೆಯನ್ನು ಹೊರಡಿಸಿತು. ಕ್ರಿಸ್ಪದ ಕಾಂಡದ ಮೇಲೆ ನರುಲಿಗಳಂತಹ ಗಂಟುಗಳು ಒತ್ತಾಗಿರುತ್ತವೆ. ಕಾಂಡ ಒಣಗಿ ಪುಡಿಯಾದ ಮೇಲೆ ಈ ಗುರುತು ಉಳಿಯದು. ಡಿಎನ್‌ಎ ಉಳಿದಿದ್ದರೆ ಅದು ಹೇಳಬಲ್ಲುದು. ಆದರೆ ಒಂದು ಮಾತು. ಗಿಡ ಸರಿಯಾದುದೆಂದು ಖಚಿತವಾದ ಮಾತ್ರಕ್ಕೆ ಅದು ಎಲ್ಲರಿಗೂ ನಿರಪಾಯವೆಂದಲ್ಲ. ಯಕೃತ್ತಿನ ಕಾಯಿಲೆ ಇರುವವರು, ದೇಹದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗುವ ರೋಗವುಳ್ಳವರು ವೈದ್ಯರನ್ನು ಕೇಳದೆ ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಸೇವಿಸಬಾರದು.

ಡಿಎನ್‌ಎ ಮೌನವಾದಾಗ

ಯಾವ ಸಾಕ್ಷ್ಯಕ್ಕೂ ಮಿತಿ ಇರುತ್ತದೆ. ಕಷಾಯವನ್ನು ಎಂಟನೆಯ ಒಂದು ಭಾಗಕ್ಕೋ ನಾಲ್ಕನೆಯ ಒಂದು ಭಾಗಕ್ಕೋ ಇಳಿಯುವವರೆಗೆ ಕುದಿಸುತ್ತೇವೆ. ಅರಿಷ್ಟವನ್ನು ವಾರಗಟ್ಟಲೆ ಹುಳಿಸುತ್ತೇವೆ. ತೈಲವನ್ನು ನೀರಿನ ಅಂಶ ಆರುವವರೆಗೆ ಕಾಯಿಸುತ್ತೇವೆ. ಭಸ್ಮವಂತೂ ಅಗ್ನಿಯಲ್ಲಿ ಸುಟ್ಟುದು. ಈ ಸಂಸ್ಕಾರಗಳಲ್ಲಿ ಡಿಎನ್‌ಎ ಬಹುಪಾಲು ಅಥವಾ ಪೂರ್ಣವಾಗಿ ನಾಶವಾಗುತ್ತದೆ. ಆದರೆ ಗುಣಕಾರಿ ರಾಸಾಯನಿಕಗಳು ಉಳಿದಿರಬಹುದು. ಆದುದರಿಂದ ಡಿಎನ್‌ಎ ಸಿಗಲಿಲ್ಲ ಎಂದ ಮಾತ್ರಕ್ಕೆ ಆ ಗಿಡವನ್ನು ಹಾಕಿಯೇ ಇರಲಿಲ್ಲ ಎಂದು ತೀರ್ಮಾನಿಸಲಾಗದು.

ಈ ಎಚ್ಚರ ತಪ್ಪಿದ ಪ್ರಸಂಗ ಅಮೆರಿಕದಲ್ಲಿ ನಡೆಯಿತು. 2015ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯು ನಾಲ್ಕು ದೊಡ್ಡ ಮಳಿಗೆ ಸಮೂಹಗಳ ಮೂಲಿಕೆ ಗುಳಿಗೆಗಳನ್ನು ಬಾರ್‌ಕೋಡ್ ವಿಧಾನದಿಂದ ಪರೀಕ್ಷಿಸಿ, ಐದರಲ್ಲಿ ಒಂದು ಭಾಗದಷ್ಟರಲ್ಲಿ ಮಾತ್ರ ಚೀಟಿಯಲ್ಲಿ ಹೇಳಿದ ಸಸ್ಯದ ಡಿಎನ್‌ಎ ದೊರೆಯಿತೆಂದು ಪ್ರಕಟಿಸಿತು. ಜನರಲ್ಲಿ ಕೋಲಾಹಲವೆದ್ದಿತು. ಆದರೆ ಆ ಗುಳಿಗೆಗಳಲ್ಲಿ ಅನೇಕವು ಸಸ್ಯದ ಸಾರದಿಂದ ಮಾಡಿದವು. ಸಾರ ತೆಗೆಯುವಾಗಲೇ ಡಿಎನ್‌ಎ ನಾಶವಾಗಿರಬಹುದು, ಇಂತಹ ವಸ್ತುವಿಗೆ ಈ ಪರೀಕ್ಷೆ ಒಂದೇ ಸಾಲದು ಎಂದು ಸಸ್ಯೌಷಧ ತಜ್ಞರು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದುದೆಂದು ನಮ್ಮ ಅಭಿಪ್ರಾಯ.

ಡಿಎನ್‌ಎ ಹೇಳದ ಸಂಗತಿಗಳು ಇನ್ನೂ ಇವೆ. ಒಂದೇ ಗಿಡದ ಬೇರು, ತೊಗಟೆ, ಎಲೆ ಎಲ್ಲದರ ಡಿಎನ್‌ಎ ಒಂದೇ. ಬೇರು ಬೇಕಾದಲ್ಲಿ ಕಾಂಡವನ್ನು ಹಾಕಿದ್ದರೆ ಅದು ತಿಳಿಯದು. ಯಾವ ಋತುವಿನಲ್ಲಿ ಕಿತ್ತದ್ದು, ವೀರ್ಯ ಉಳಿದಿದೆಯೇ, ಸೀಸ 或 ಪಾದರಸದ ಅಂಶ ಸೇರಿದೆಯೇ ಎಂಬುದೂ ತಿಳಿಯದು. ಪಕ್ಕದ ಮೂಟೆಯಿಂದ ಹಾರಿಬಿದ್ದ ಧೂಳು, ಗಾಳಿಯ ಪರಾಗ ಕೂಡ ಅತಿಸೂಕ್ಷ್ಮ ಯಂತ್ರಕ್ಕೆ ಬೆರಕೆಯಂತೆ ಕಾಣಬಹುದು. ಹೋಲಿಸಿ ನೋಡಲು ಸರಿಯಾಗಿ ಗುರುತಿಸಿದ ಸಸ್ಯಗಳ ಮೂಲ ಸಂಗ್ರಹವಿಲ್ಲದಿದ್ದರೆ ಓದಿದ ಅಕ್ಷರಗಳಿಗೆ ಅರ್ಥವೇ ಇಲ್ಲ. ಆ ಮೂಲ ಸಂಗ್ರಹವನ್ನು ಕಟ್ಟುವವನು ಗಿಡವನ್ನು ಕಣ್ಣಿನಿಂದ ಗುರುತಿಸಬಲ್ಲ ಸಸ್ಯಶಾಸ್ತ್ರಜ್ಞನೇ. ಹೀಗೆ ಕಣ್ಣಿನ ಸಾಕ್ಷ್ಯದ ಅಡಿಪಾಯದ ಮೇಲೆಯೇ ಡಿಎನ್‌ಎ ಸಾಕ್ಷ್ಯ ನಿಂತಿದೆ. ಬ್ರಿಟಿಷ್ ಫಾರ್ಮಕೋಪಿಯವು 2017ರ ಆವೃತ್ತಿಯಲ್ಲಿ ಮೂಲಿಕೆಗಳಿಗೆ ಡಿಎನ್‌ಎ ಪರೀಕ್ಷಾ ವಿಧಾನವನ್ನು ಸೇರಿಸಿತು. ಅದಕ್ಕೆ ಆರಿಸಿಕೊಂಡ ಗಿಡ ನಮ್ಮ ತುಳಸಿ. ಅಲ್ಲಿಯೂ ಇತರ ಪರೀಕ್ಷೆಗಳನ್ನು ಕೈಬಿಟ್ಟಿಲ್ಲ.

ಓದುಗರು ಮಾಡಬಹುದಾದುದು

ಪ್ರತಿ ಮನೆಯವರೂ ಡಿಎನ್‌ಎ ಪರೀಕ್ಷೆ ಮಾಡಿಸಲಾಗದು, ಮಾಡಿಸಬೇಕಾಗಿಯೂ ಇಲ್ಲ. ಅದು ಔಷಧ ತಯಾರಕರು, ಸಗಟು ವ್ಯಾಪಾರಿಗಳು ಮತ್ತು ಸರ್ಕಾರದ ಹೊಣೆ. ಕಚ್ಚಾ ದ್ರವ್ಯವು ಕಡಾಯಿಯನ್ನು ಸೇರುವ ಮುನ್ನವೇ, ಡಿಎನ್‌ಎ ಇನ್ನೂ ಓದಬಲ್ಲಂತಿರುವಾಗಲೇ, ಆ ಪರೀಕ್ಷೆ ನಡೆಯಬೇಕು. ಸಾಮಾನ್ಯ ಗೃಹಸ್ಥರು ಈ ಕೆಳಗಿನ ಎಚ್ಚರಗಳನ್ನು ವಹಿಸಿದರೆ ಸಾಕು.

ಗ್ರಂಧಿಗೆ ಅಂಗಡಿಯಲ್ಲಿ ಪುಡಿಯನ್ನು ಕೊಳ್ಳುವ ಬದಲು ಇಡಿಯಾದ ಬೇರು, ಕಾಯಿ, ತೊಗಟೆಯನ್ನು ಕೊಂಡು ವೈದ್ಯರಿಗೆ ತೋರಿಸಿ, ಮನೆಯಲ್ಲಿಯೇ ಕುಟ್ಟಿಕೊಳ್ಳಿರಿ. ವೈದ್ಯರಿಂದ ದ್ರವ್ಯದ ಕನ್ನಡ ಹೆಸರು, ಸಂಸ್ಕೃತ ಹೆಸರು ಮತ್ತು ಗಿಡದ ಯಾವ ಭಾಗವೆಂಬುದು ಮೂರನ್ನೂ ಬರೆಸಿಕೊಳ್ಳಿರಿ. ಬೂಷ್ಟು ಹಿಡಿದುದನ್ನು, ಹುಳು ಬಿದ್ದುದನ್ನು ಅಗ್ಗವೆಂದು ಕೊಳ್ಳಬೇಡಿರಿ. ತಯಾರಾದ ಔಷಧದ ಬಾಟಲಿಯ ಮೇಲೆ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ತಯಾರಾದ ದಿನಾಂಕ ಇರುವುದನ್ನು ನೋಡಿರಿ. ಔಷಧ ಮುಗಿಯುವವರೆಗೆ ಪೊಟ್ಟಣದ ಸ್ವಲ್ಪ ಭಾಗವನ್ನು ಒಣಗಿದ ಗಾಜಿನ ಸೀಸೆಯಲ್ಲಿ, ಬಿಸಿಲು ತಾಗದಂತೆ ಎತ್ತಿಡಿರಿ. ಔಷಧ ಸೇವಿಸಿದ ಮೇಲೆ ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಮುಖ ಊದುವುದು ಕಂಡರೆ ತಕ್ಷಣ ನಿಲ್ಲಿಸಿ, ಆ ಸೀಸೆಯೊಂದಿಗೆ ವೈದ್ಯರಲ್ಲಿಗೆ ಹೋಗಿರಿ. ಕಾರಣ ಹುಡುಕುವವರಿಗೆ ಅದಕ್ಕಿಂತ ದೊಡ್ಡ ಸಹಾಯ ಬೇರಿಲ್ಲ. ಕಾಮಾಲೆಗೆ ಕಾರಣಗಳು ಹಲವು. ರಕ್ತಪರೀಕ್ಷೆ ಮಾಡಿಸದೆ ನೆಲನೆಲ್ಲಿಯನ್ನೇ ನಂಬಿ ದಿನ ಕಳೆಯುವುದು ಸಲ್ಲದು.

ಕೊನೆಯದಾಗಿ, ಸ್ಥಳವಿರುವವರು ಬೆಳೆಸಿರಿ. ತುಳಸಿ, ಒಂದೆಲಗ, ದೊಡ್ಡಪತ್ರೆ, ಅಮೃತಬಳ್ಳಿ ಇವು ಮಹಡಿಯ ಕುಂಡದಲ್ಲಿಯೂ ಬರುತ್ತವೆ. ಒಮ್ಮೆ ಬಲ್ಲವರಿಗೆ ತೋರಿಸಿ ಖಚಿತಪಡಿಸಿಕೊಂಡರೆ ಆ ಗಿಡದ ಗುರುತಿನ ಬಗ್ಗೆ ಮತ್ತೆ ಸಂದೇಹವಿಲ್ಲ. ಶಾಲೆ, ಮಠ, ಉದ್ಯಾನಗಳ ಆವರಣದಲ್ಲಿ ನಿಜವಾದ ಅಶೋಕದ ಸಸಿಗಳನ್ನು ನೆಟ್ಟರೆ ನಮ್ಮ ಮೊಮ್ಮಕ್ಕಳ ಕಾಲದ ವೈದ್ಯರು ಅಶೋಕವೆಂದು ಚೀಟಿ ಬರೆಯುವಾಗ ಅಶೋಕವೇ ದೊರೆಯುವ ಭರವಸೆ ಹುಟ್ಟೀತು. ಒಡೆದ ಡಿಎನ್‌ಎ ಚೂರುಗಳು ನಮಗೆ ಕೊರತೆಯನ್ನು ತೋರಿಸಿಕೊಟ್ಟಿವೆ. ಅದನ್ನು ತುಂಬುವ ಕೆಲಸ ಮಣ್ಣಿನಲ್ಲಿ, ನಮ್ಮ ಕೈಗಳಿಂದಲೇ ಆಗಬೇಕಾಗಿದೆ.